ಚೀಸ್ ಹಾಕಿ ಬೇಕ್ ಮಾಡುವ ಜುಕಿನಿ: ಅಡಿಯಲ್ಲಿ ನೀರು ನಿಲ್ಲದಂತೆ ಏನು ಮಾಡಬೇಕು?

ಕಾಳಿತೀರ, ಕಾರವಾರ

ಮೇ ರಜೆಗೆ ನಾದಿನಿಯ ಮಕ್ಕಳು ಬೆಂಗಳೂರಿನಿಂದ ಬರುತ್ತಿದ್ದಾರೆ. ಹಿರಿಯವಳು ಫೋನಿನಲ್ಲೇ ಬೇಡಿಕೆ ಸಲ್ಲಿಸಿದ್ದಾಳೆ. ಸೌತೆಯಂತೆ ಕಾಣುವ ಜುಕಿನಿಯನ್ನು ಬಿಲ್ಲೆಯಾಗಿ ಹೆಚ್ಚಿ, ಬಿಳಿ ಸಾಸ್ ಸುರಿದು, ಮೇಲೆ ಚೀಸ್ ಹಾಕಿ ಒವನ್‌ನಲ್ಲಿ ಬೇಯಿಸುತ್ತಾರಲ್ಲ, ಅದು ಬೇಕಂತೆ. ನೋಡೋಣವೆಂದು ಕಳೆದ ವಾರ ಮಾಡಿದೆ. ಮೇಲಿನಿಂದ ನೋಡಿದರೆ ಹೋಟೆಲಿನದೇ. ಚಮಚ ಇಳಿಸಿದರೆ ಅಡಿಯಲ್ಲಿ ಒಂದು ಬೆರಳು ನೀರು, ಅದರಲ್ಲಿ ಒಡೆದ ಸಾಸ್ ತೇಲುತ್ತಿತ್ತು. ಮನೆಯವರು ತಿಳಿಸಾರೆಂದು ಅನ್ನಕ್ಕೆ ಹಾಕಿಕೊಂಡು ಉಂಡರು.

ನನ್ನ ಪ್ರಶ್ನೆ ಎರಡು. ಆ ನೀರನ್ನು ತಡೆಯುವುದು ಹೇಗೆ? ಇನ್ನೊಂದು, ಇಲ್ಲಿನ ಭಾನುವಾರದ ಸಂತೆಯಲ್ಲಿ ಜುಕಿನಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಸಿಕ್ಕಿದ್ದೂ ಘಟ್ಟ ಇಳಿದು ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಬದಲಿಗೆ ನಮ್ಮ ಕಡೆಯ ಯಾವ ಕಾಯಿಯಿಂದ ಮಾಡಬಹುದು?

ತೋಟದಮನೆ, ಶಿರಸಿ

ತಂಗೀ, ಸಾಸನ್ನು ಬೈಯಬೇಡ, ಕಾಯಿಯನ್ನು ನೋಡು. ಜುಕಿನಿಯ ತೂಕದಲ್ಲಿ ನೂರಕ್ಕೆ 94–95 ಪಾಲು ನೀರೇ. ಮುಕ್ಕಾಲು ಕಿಲೋ ಹೆಚ್ಚಿ ಹಾಕಿದರೆ ಏಳುನೂರು ಗ್ರಾಂ ನೀರನ್ನು ಒವನ್‌ನೊಳಗೆ ಇಟ್ಟ ಹಾಗೆಯೇ ಲೆಕ್ಕ. ಅದರಲ್ಲಿ ಒಂದು ಪಾಲು ಬಿಸಿಗೆ ಹೊರಬಂದೇ ಬರುತ್ತದೆ. ಒಳಗೆ ಬರುವುದನ್ನು ಮೊದಲೇ ಹೊರಗೆ ಬರಿಸಿಕೊಳ್ಳಬೇಕು.

ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಬಿಲ್ಲೆ ಮಾಡು. ತೆಳ್ಳಗಾದರೆ ಬೆಂದು ಗೊಜ್ಜಾಗುತ್ತದೆ. ಮುಕ್ಕಾಲು ಕಿಲೋಗೆ ಒಂದು ಟೀ ಚಮಚ ಉಪ್ಪು ಸವರಿ, ತೂತಿನ ಬುಟ್ಟಿಯಲ್ಲಿ ಅರ್ಧ ಗಂಟೆ ಬಿಡು. ಮೊದಲ ಹತ್ತು ನಿಮಿಷ ಏನೂ ಆಗಿಲ್ಲ ಎನಿಸುತ್ತದೆ. ಆಮೇಲೆ ಬಿಲ್ಲೆಗಳ ಮೈಮೇಲೆ ಸಣ್ಣ ಸಣ್ಣ ಹನಿ ಮೂಡಿ, ಒಂದಕ್ಕೊಂದು ಕೂಡಿ, ಕೆಳಗಿನ ತಟ್ಟೆಗೆ ತೊಟ್ಟಿಕ್ಕತೊಡಗುತ್ತದೆ. ಅಂಚು ಬಾಗುವಷ್ಟು ಬಿಲ್ಲೆ ಸೋತ ಮೇಲೆ ತೆಳ್ಳನೆಯ ಹತ್ತಿಬಟ್ಟೆಯಲ್ಲಿ ಹರಡಿ ಒತ್ತು. ಹಿಂಡಬೇಡ, ಹಿಂಡಿದರೆ ಮುರಿಯುತ್ತದೆ.

ಅಷ್ಟಕ್ಕೇ ನಿಲ್ಲಬಾರದು. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ, ಸ್ವಲ್ಪ ಎಣ್ಣೆಯಲ್ಲಿ ಒಂದೇ ಪದರವಾಗಿ ಹರಡಿ, ದೊಡ್ಡ ಉರಿಯಲ್ಲಿ ಕಂದು ಚುಕ್ಕೆ ಬೀಳುವವರೆಗೆ ಎರಡೂ ಬದಿ ಹುರಿ. ಅವಸರಕ್ಕೆ ಎಲ್ಲವನ್ನೂ ಒಟ್ಟಿಗೆ ಸುರಿದರೆ ತನ್ನ ಆವಿಯಲ್ಲಿ ತಾನೇ ಬೇಯುತ್ತದೆ, ಹುರಿದಂತೆ ಆಗುವುದೇ ಇಲ್ಲ.

ಬದಲಿ ಕಾಯಿ ಅಂದರೆ ಎಳೆ ಚೀನಿಕಾಯಿ, ಅದೇ ಸಿಹಿಗುಂಬಳ. ಎರಡನೆಯ ಮಾತೇ ಇಲ್ಲ. ಉಗುರು ಒತ್ತಿದರೆ ಸಿಪ್ಪೆಗೆ ಇಳಿಯಬೇಕು, ಒಳಗಿನ ಬೀಜ ಬೆಳ್ಳಗೆ ಮೆತ್ತಗಿರಬೇಕು, ತಿರುಳಿಗೆ ಹಳದಿ ಏರುವ ಮೊದಲೇ ಕೊಯ್ದಿರಬೇಕು.

ಮೊಸರನ್ನ, ಸಿದ್ದಾಪುರ

ಎಳೆ ಚೀನಿಕಾಯಿಗೆ ಚೀಸ್! ತೆಂಗಿನಕಾಯಿ, ಸಾಸಿವೆ ಅರೆದು ಮೊಸರು ಹಾಕಿದರೆ ಎರಡು ತುತ್ತು ಅನ್ನ ಹೆಚ್ಚಿಗೆ ಇಳಿಯುವ ಕಾಯಿ ಅದು. ಪರದೇಶದ ಅಡುಗೆ ಬೇಕಿದ್ದರೆ ಪರದೇಶದ ಕಾಯಿಯಿಂದಲೇ ಮಾಡಿಕೊಳ್ಳಿ. ನಮ್ಮ ಹಿತ್ತಲನ್ನು ಯಾಕೆ ಎಳೆಯುತ್ತೀರಿ?

ಬೀಜದ ಪೊಟ್ಟಣ, ಯಲ್ಲಾಪುರ

ಮೊಸರನ್ನದವರೇ, ನಿಮ್ಮ ಹಿತ್ತಲಿನ ಚೀನಿಕಾಯಿಯೂ ಸಮುದ್ರ ದಾಟಿ ಬಂದದ್ದೇ. ಜುಕಿನಿ ಕುಕುರ್ಬಿಟಾ ಪೆಪೊ ಜಾತಿಯದು. ನಮ್ಮಲ್ಲಿ ಹೆಚ್ಚಾಗಿ ಬೆಳೆಯುವ ಸಿಹಿಗುಂಬಳ ಕುಕುರ್ಬಿಟಾ ಮೊಸ್ಕಾಟಾ. ಎರಡರ ಮೂಲವೂ ಅಮೆರಿಕ ಖಂಡ. ನಿಮ್ಮ ಸಾಸಿವೆಗೆ ಒಗ್ಗರಣೆ ಹಾಕುವ ಒಣಮೆಣಸಿನಕಾಯಿಯೂ ಅಲ್ಲಿಯದೇ.

ಎಳೆಯದನ್ನು ಜುಕಿನಿಯ ಹಾಗೆ ತಿನ್ನುವುದು ಹೊಸ ಕಲ್ಪನೆಯೂ ಅಲ್ಲ. ಕೊರಿಯಾದಲ್ಲಿ ಏಹೋಬಾಕ್ ಎಂದು ಮಾರುವುದು ಮೊಸ್ಕಾಟಾ ಜಾತಿಯ ಎಳೆಗಾಯಿ. ಇಟಲಿಯ ಟ್ರಾಂಬೊಂಚಿನೊ ಕೂಡ ಅದೇ ಜಾತಿ. ತೋಟದಮನೆ ಅಕ್ಕ ಹೇಳಿದ್ದು ಸರಿ. ಮೊಸ್ಕಾಟಾದ ತಿರುಳು ಬಿಗಿ, ಬೆಂದ ಮೇಲೂ ಬಿಲ್ಲೆ ಬಿಲ್ಲೆಯಾಗಿ ಉಳಿಯುತ್ತದೆ.

ಉಳಿದವುಗಳಲ್ಲಿ ಸೀಮೆಬದನೆ ಗಟ್ಟಿ ಕಾಯಿ, ಆದರೆ ಐದು ನಿಮಿಷ ಮೊದಲು ಬೇಯಿಸಿಕೊಳ್ಳಬೇಕು. ಸೋರೆಯ ಬೀಜದ ಭಾಗ ತೆಗೆದರೆ ನಡೆಯುತ್ತದೆ. ಹೀರೆಯ ಸಹವಾಸ ಬೇಡ, ಅರ್ಧ ಗಂಟೆಯಲ್ಲಿ ಹುಡುಕಿದರೂ ಸಿಗುವುದಿಲ್ಲ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕುಂಬಳದ ಕುಟುಂಬದ ಯಾವ ಕಾಯಿಯಾದರೂ ಹೆಚ್ಚುವ ಮೊದಲು ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗುಳಿ, ಇಡೀ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಿ. ಹಾಗಲದಂತೆ ಕಹಿಯೇ ಸ್ವಭಾವವಾದ ಕಾಯಿಯ ಮಾತು ಬೇರೆ. ಜುಕಿನಿ, ಸೋರೆ, ಗುಂಬಳಗಳಲ್ಲಿ ಕಹಿ ಬಂದರೆ ಅದು ಕುಕುರ್ಬಿಟಾಸಿನ್ ಎಂಬ ವಿಷಕಾರಿ ಅಂಶ. ಬೇಯಿಸಿದರೆ ಹೋಗುವುದಿಲ್ಲ, ಚೀಸ್ ಹಾಕಿದರೆ ಗೊತ್ತಾಗದೆ ಹೊಟ್ಟೆಗೆ ಇಳಿಯುತ್ತದೆ, ಅಷ್ಟೇ. ಕಹಿ ಸೋರೆಕಾಯಿಯ ರಸ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದಕ್ಕಾಗಿಯೇ ತಜ್ಞರ ಸಮಿತಿ ಮಾಡಿ, ಕಹಿಯಾದದ್ದನ್ನು ಸೇವಿಸಬಾರದೆಂದು ತಿಳಿಸಿತ್ತು. ಮನೆಯಲ್ಲೇ ಬೀಜ ಉಳಿಸಿಕೊಳ್ಳುವವರು ಇನ್ನೂ ಜಾಗ್ರತೆ. ಪಕ್ಕದಲ್ಲಿ ಅಲಂಕಾರದ ಗುಂಬಳವೋ ಕಾಡುಜಾತಿಯೋ ಇದ್ದು ಪರಾಗ ಬೆರೆತರೆ ಮುಂದಿನ ಬೆಳೆ ಕಹಿಯಾಗಬಹುದು.

ಕಾಳಿತೀರ, ಕಾರವಾರ

ಕಹಿಯ ವಿಷಯ ಗೊತ್ತೇ ಇರಲಿಲ್ಲ, ಉಪಕಾರವಾಯಿತು. ಎಳೆ ಚೀನಿಕಾಯಿಯನ್ನು ಅಂಕೋಲೆ ಕಡೆಯಿಂದ ತರಕಾರಿ ತರುವ ಹಾಲಕ್ಕಿ ಅಜ್ಜಿಯರ ಹತ್ತಿರ ಕೇಳುತ್ತೇನೆ. ಬಲಿತದ್ದಕ್ಕೆ ಬೆಲೆ ಹೆಚ್ಚು, ಎಳೆಯದನ್ನು ಕೊಯ್ಯಲು ಅವರಿಗೆ ಮನಸ್ಸಾಗಬೇಕಲ್ಲ.

ಈಗ ಚೀಸ್ ಯಾವುದು? ಅಂಗಡಿಯಲ್ಲಿ ಘನಾಕೃತಿಯದು, ತೆಳು ಹಾಳೆಯದು, ಪಿಜ್ಜಾಕ್ಕೆಂದು ತುರಿದಿಟ್ಟದ್ದು, ಹೀಗೆ ಮೂರ್ನಾಲ್ಕು ಇದೆ. ಪನೀರ್ ಆಗುವುದಿಲ್ಲವೇ?

ಬೇಕರಿ ಹಿಂಬಾಗಿಲು, ಕುಮಟಾ

ಬೇಕರಿ ಕೆಲಸ ನನ್ನದು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳಿಕೊಳ್ಳಿ.

ಪನೀರ್ ಕರಗುವುದಿಲ್ಲ. ಹಾಲಿಗೆ ಹುಳಿ ಹಿಂಡಿ ಒಡೆಸುವಾಗ, ಹಾಲಿನ ಪ್ರೋಟೀನಿಗೆ ಅಂಟಿಕೊಂಡ ಕ್ಯಾಲ್ಸಿಯಂನಲ್ಲಿ ಒಂದು ಪಾಲು ನೀರಿನೊಂದಿಗೆ ಹೋಗಿಬಿಡುತ್ತದೆ. ಆಮೇಲೆ ಎಷ್ಟು ಬಿಸಿ ಕೊಟ್ಟರೂ ಪನೀರ್ ಒಣಗುತ್ತದೆ, ಕಂದಾಗುತ್ತದೆ, ಹರಿಯುವುದಿಲ್ಲ. ಪದರಗಳ ನಡುವೆ ಪುಡಿ ಮಾಡಿ ಉದುರಿಸಲು ಒಳ್ಳೆಯದು, ಸ್ವಲ್ಪ ನೀರನ್ನೂ ಹೀರಿಕೊಳ್ಳುತ್ತದೆ. ಮೇಲೆ ಹಾಕಲು ಬೇಡ.

ಮೊಝರೆಲ್ಲಾ ಎಳೆ ಎಳೆಯಾಗಿ ಬರುತ್ತದೆ, ಆದರೆ ರುಚಿ ಸಪ್ಪೆ. ಅದರಲ್ಲೂ ಉಪ್ಪುನೀರಿನಲ್ಲಿ ಮುಳುಗಿಸಿ ಮಾರುವ ಉಂಡೆಯನ್ನು ತಂದರೆ ನಿಮ್ಮ ನೀರಿನ ಕಷ್ಟ ಎರಡರಷ್ಟು. ಗಟ್ಟಿ ಇಟ್ಟಿಗೆಯಂಥದನ್ನೇ ತನ್ನಿ. ಚೆಡ್ಡರ್ ರುಚಿಗೆ. ಡಬ್ಬಿಯಲ್ಲಿ ಬರುವ ಸಂಸ್ಕರಿಸಿದ ಚೀಸ್‌ಗೆ ಸಿಟ್ರೇಟ್, ಫಾಸ್ಫೇಟ್ ಲವಣ ಹಾಕಿರುತ್ತಾರೆ. ಹಾಗಾಗಿ ಅದು ಎಣ್ಣೆ ಬಿಡದೆ ನುಣ್ಣಗೆ ಕರಗುತ್ತದೆ, ಬಿಳಿ ಸಾಸಿನೊಳಗೆ ಬೆರೆಸಲು ಅದಕ್ಕಿಂತ ಸುಲಭದ್ದಿಲ್ಲ. ನನ್ನ ಕೈಯ ಅಳತೆ: ಮುಕ್ಕಾಲು ಕಿಲೋ ಕಾಯಿಗೆ ಸಂಸ್ಕರಿಸಿದ್ದು 50 ಗ್ರಾಂ ಸಾಸಿಗೆ, ಮೊಝರೆಲ್ಲಾ ಮತ್ತು ಚೆಡ್ಡರ್ ಸೇರಿ 100 ಗ್ರಾಂ ಮೇಲಕ್ಕೆ. ಮನೆಯಲ್ಲೇ ತುರಿಯಿರಿ. ತುರಿದು ಮಾರುವುದಕ್ಕೆ ಒಂದಕ್ಕೊಂದು ಅಂಟದಿರಲೆಂದು ಪಿಷ್ಟ ಬೆರೆಸಿರುತ್ತಾರೆ, ಅದು ಕರಗುವಾಗ ಹಿಟ್ಟುಹಿಟ್ಟಾಗುತ್ತದೆ. ಪೊಟ್ಟಣದ ಹಿಂಬದಿಯನ್ನೂ ಓದಿ. ಅಗ್ಗದ ಕೆಲವಕ್ಕೆ ಹಾಲಿನ ಕೊಬ್ಬಿನ ಬದಲು ತಾಳೆಎಣ್ಣೆ ಹಾಕಿ ಅನಲಾಗ್ ಎಂದು ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ.

ಸಾಸಿಗೆ ಎರಡು ದೊಡ್ಡ ಚಮಚ ಬೆಣ್ಣೆ, ಎರಡು ದೊಡ್ಡ ಚಮಚ ಮೈದಾ, ಒಂದು ಲೋಟ, ಅಂದರೆ 250 ಮಿಲಿ ಹಾಲು. ಮೈದಾದ ಹಸಿ ವಾಸನೆ ಹೋಗಲಿ, ಬಣ್ಣ ತಿರುಗದಿರಲಿ. ಒಲೆ ಆರಿಸಿದ ಮೇಲೆ ಚೀಸ್ ಸೇರಿಸಿ. ಕುದಿಯುವಾಗ ಹಾಕಿದರೆ ಪ್ರೋಟೀನ್ ಬಿಗಿದುಕೊಂಡು ಕೊಬ್ಬನ್ನು ಹೊರಗೆ ದಬ್ಬುತ್ತದೆ. ಮೇಲಿನ ಚೀಸ್‌ಗೂ ಇದೇ ಮಾತು. 180 ಡಿಗ್ರಿಯಲ್ಲಿ ಮೊದಲ 20 ನಿಮಿಷ ಚೀಸ್ ಇಲ್ಲದೆ ಬೇಯಲಿ, ಆಮೇಲೆ ಚೀಸ್ ಹಾಕಿ 10–12 ನಿಮಿಷ. ಅಲ್ಯುಮಿನಿಯಂ ಹಾಳೆ ಮುಚ್ಚಬೇಡಿ, ಮುಚ್ಚಿದರೆ ಆವಿಯೆಲ್ಲ ವಾಪಸು ಪಾತ್ರೆಗೇ ಇಳಿಯುತ್ತದೆ.

ಹೊರಗೆ ತೆಗೆದ ಮೇಲೆ ಕಾಲು ಗಂಟೆ ಮುಟ್ಟಬೇಡಿ. ಸಾಸ್ ಬಿಗಿಯಾಗಲು ಆ ಹೊತ್ತು ಬೇಕು. ಮಕ್ಕಳು ಅಡುಗೆಮನೆಯಲ್ಲಿ ನಿಂತಿದ್ದರೆ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಮೊಸರನ್ನ, ಸಿದ್ದಾಪುರ

ಚೀಸ್ ಮಾಡಲು ಕರುವಿನ ಹೊಟ್ಟೆಯ ಏನನ್ನೋ ಹಾಕುತ್ತಾರಂತೆ. ಅದನ್ನು ಯಾರೂ ಎತ್ತಲಿಲ್ಲವಲ್ಲ.

ಬೇಕರಿ ಹಿಂಬಾಗಿಲು, ಕುಮಟಾ

ನ್ಯಾಯವಾದ ಪ್ರಶ್ನೆ. ಅದು ರೆನೆಟ್, ಹಾಲನ್ನು ಗಟ್ಟಿ ಮಾಡುವ ಕಿಣ್ವ. ಹಿಂದಿನ ಕಾಲದಿಂದ ಕರುವಿನ ಜಠರದಿಂದ ತೆಗೆಯುತ್ತಿದ್ದರು, ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಇಂದಿಗೂ ಅದೇ ನಿಯಮ. ಈಗ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಇದೆ. ನಮ್ಮ ದೇಶದಲ್ಲಿ ಮಾರುವ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಪ್ರಾಣಿಯ ರೆನೆಟ್ ಇಲ್ಲವೆಂದು ತಿಳಿಯಿರಿ. ಗೋವಾದಿಂದ ಯಾರಾದರೂ ವಿದೇಶಿ ಚೀಸ್ ತಂದುಕೊಟ್ಟರೆ ಮಾತ್ರ ತಿರುಗಿಸಿ ನೋಡಬೇಕು.

ಹಾಸ್ಟೆಲ್ ಒಲೆ, ದಾಂಡೇಲಿ

ಎಲ್ಲರೂ 180 ಡಿಗ್ರಿ, 20 ನಿಮಿಷ ಎನ್ನುತ್ತಿದ್ದೀರಿ. ಒವನ್ ಇಲ್ಲದ ನಮ್ಮಂಥವರು ಏನು ಮಾಡಬೇಕು? ನಾವು ನಾಲ್ಕು ಜನ, ಒಂದು ಗ್ಯಾಸ್ ಒಲೆ, ಒಂದು ಐದು ಲೀಟರ್ ಕುಕ್ಕರ್.

ಸಾಣಿಕಟ್ಟೆ ಉಪ್ಪು, ಗೋಕರ್ಣ

ತಮ್ಮಾ, ಕುಕ್ಕರೇ ಸಾಕು. ತಳದಲ್ಲಿ ಎರಡು ಬೆರಳು ದಪ್ಪ ಕಲ್ಲುಪ್ಪು ಹರಡಿ, ಅದರ ಮೇಲೆ ಒಂದು ಸಣ್ಣ ಸ್ಟ್ಯಾಂಡ್ ಇಡಿ. ಮುಚ್ಚಳದ ರಬ್ಬರ್ ಮತ್ತು ವೆಯ್ಟ್ ಎರಡನ್ನೂ ತೆಗೆಯಲೇಬೇಕು. ನೀರು ಹಾಕಬಾರದು. ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಅಲ್ಯುಮಿನಿಯಂ ಕೇಕ್ ಡಬ್ಬಿಯಲ್ಲಿ ಕಾಯಿ ಜೋಡಿಸಿ ಒಳಗಿಟ್ಟು ಉರಿ ಸಣ್ಣ ಮಾಡಿ. ಗಾಜಿನ ಪಾತ್ರೆ ಬೇಡ, ಅಡಿಯ ಬಿಸಿಗೆ ಸೀಳಿದರೆ ಎಲ್ಲ ವ್ಯರ್ಥ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಆ ಉಪ್ಪನ್ನು ಆರಿಸಿ ಡಬ್ಬಿಗೆ ತುಂಬಿಡಿ, ಮುಂದಿನ ಸಲಕ್ಕೂ ಅದೇ ಬರುತ್ತದೆ. ಇದಕ್ಕೆ ಹಳೆಯ ಕುಕ್ಕರ್ ಇದ್ದರೆ ಒಳ್ಳೆಯದು, ಒಣ ಕಾವು ಪಾತ್ರೆಗೆ ಅಷ್ಟು ಹಿತವಲ್ಲ.

ಒಂದೇ ಕೊರತೆ, ಮೇಲ್ಭಾಗ ಕಂದಾಗುವುದಿಲ್ಲ. ಅದಕ್ಕೆ ಬ್ರೆಡ್ ಪುಡಿಯನ್ನು ತುಪ್ಪದಲ್ಲಿ ಮೊದಲೇ ಹುರಿದಿಟ್ಟುಕೊಂಡು ಕೊನೆಗೆ ಉದುರಿಸಿ.

ಕಾಳಿತೀರ, ಕಾರವಾರ

ಇದನ್ನು ಓದಿ ನಮ್ಮ ಅತ್ತೆ ನಕ್ಕರು. ಕೊಂಕಣಿಗರ ಮನೆಯಲ್ಲಿ ಸೌತೆಕಾಯಿ ತುರಿದು, ಅಕ್ಕಿರವೆ, ಬೆಲ್ಲ, ಕಾಯಿತುರಿ ಸೇರಿಸಿ ತವಸಳಿ ಮಾಡುತ್ತಾರಲ್ಲ, ಅವರ ಚಿಕ್ಕಂದಿನಲ್ಲಿ ಅದಕ್ಕೆ ಅಡಿಯಲ್ಲೂ ಕೆಂಡ, ಮುಚ್ಚಳದ ಮೇಲೂ ಕೆಂಡ. ತೆಂಗಿನ ಕರಟದ ಕೆಂಡವೇ ಆಗಬೇಕು, ಹೊಗೆ ಕಡಿಮೆ, ಕಾವು ಹೆಚ್ಚು ಹೊತ್ತು ನಿಲ್ಲುತ್ತದೆ ಎಂದರು. ಪಾತ್ರೆಯ ಅಡಿಗೆ ಬಾಡಿಸಿದ ಬಾಳೆಎಲೆ. ಮೇಲಿನ ಕೆಂಡ ಬೂದಿ ಕಟ್ಟಿದರೆ ಅಡಿಗಿಂತ ಮೇಲೆ ಎರಡು ತುಂಡು ಹೆಚ್ಚಿಗೆ ಹಾಕಬೇಕಂತೆ, ಇಲ್ಲದಿದ್ದರೆ ತಳ ಸೀದು ಮೇಲ್ಭಾಗ ಹಸಿಯಾಗಿಯೇ ಉಳಿಯುತ್ತದೆ. ನಿಮ್ಮ ಒವನ್ ನಮ್ಮಲ್ಲಿ ಮೊದಲೇ ಇತ್ತು, ಚೀಸ್ ಒಂದು ಇರಲಿಲ್ಲ ಎಂದು ಅವರ ತೀರ್ಪು.

ತೋಟದಮನೆ, ಶಿರಸಿ

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು. ಬಾಳೆಎಲೆಯ ಉಪಾಯ ಇದಕ್ಕೂ ಹೊಂದುತ್ತದೆ, ಅಂಟುವುದೂ ಇಲ್ಲ, ಪರಿಮಳವೂ ಬರುತ್ತದೆ. ಬೆಂಕಿಯ ಮೇಲೆ ಸರಕ್ಕನೆ ಆಡಿಸಿ ಬಾಡಿಸದಿದ್ದರೆ ಮಡಚುವಾಗ ಸೀಳುತ್ತದೆ.

ಮಳೆಗಾಲದಲ್ಲಿ ನಮ್ಮ ಘಟ್ಟದ ಮೇಲೆ ಒವನ್ ನೆಚ್ಚಿ ಕುಳಿತರೆ ಉಪವಾಸವೇ. ಒಟಿಜಿ ಎನ್ನುವ ಮೇಜಿನ ಮೇಲಿಡುವ ಸಣ್ಣ ಕರೆಂಟ್ ಒವನ್ ಕೂಡ ಸಾವಿರ ವ್ಯಾಟ್‌ನ ಆಸುಪಾಸು ಎಳೆಯುತ್ತದೆ, ದೀಪ ಫ್ಯಾನಿಗೆಂದು ಹಾಕಿಸಿದ ಇನ್ವರ್ಟರ್ ಅದನ್ನು ಹೊರುವುದಿಲ್ಲ. ಜೂನ್ ನಂತರ ಕೆಂಡವೇ ಗತಿ.

ಬಲೆಗಾರ, ಹೊನ್ನಾವರ

ಎಲ್ಲ ಸರಿ, ಇದಕ್ಕೆ ಸಿಗಡಿ ಯಾಕಿಲ್ಲ? ಸಣ್ಣ ಸಿಗಡಿಯನ್ನು ಅರಿಸಿನ, ಸೂಜಿಮೆಣಸು ಹಾಕಿ ಎರಡೇ ನಿಮಿಷ ಹುರಿದು ಕಾಯಿಯ ಎರಡು ಪದರಗಳ ನಡುವೆ ಇಡಿ. ಹೆಚ್ಚು ಹುರಿದರೆ ಒವನ್‌ನಲ್ಲಿ ರಬ್ಬರ್ ಆಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಒಣಸಿಗಡಿಯ ತಲೆ ತೆಗೆದು ಹುರಿದು, ಒರಟಾಗಿ ಪುಡಿ ಮಾಡಿ ಬ್ರೆಡ್ ಪುಡಿಗೆ ಬೆರೆಸಿ. ಮೇಲೆ ಉದುರಿಸಿದರೆ ಬೇರೆ ಉಪ್ಪು ಬೇಡ.

ಮೊಸರನ್ನ, ಸಿದ್ದಾಪುರ

ಚೀಸ್ ಆಯಿತು, ಈಗ ಸಿಗಡಿ. ನಾನು ಎದ್ದು ಕೈ ತೊಳೆದೆ.

ತೋಟದಮನೆ, ಶಿರಸಿ

ನೀವು ಸಿಗಡಿ ಹಾಕಿಕೊಳ್ಳಿ ಬಲೆಗಾರರೇ, ನಮ್ಮ ಪಾತ್ರೆ ಬೇರೆ. ನಮ್ಮ ಮನೆಯಲ್ಲಿ ಬೆಳ್ಳುಳ್ಳಿಯೂ ಇಲ್ಲ. ಸಾಸಿಗೆ ಚಿಟಿಕೆ ಇಂಗು, ಆಗಷ್ಟೇ ಕುಟ್ಟಿದ ಕಾಳುಮೆಣಸು, ಒಂದಿಷ್ಟು ಜಾಯಿಕಾಯಿ ತುರಿ. ತೋಟದಲ್ಲಿ ಮೆಣಸು, ಜಾಯಿಕಾಯಿ ಬೆಳೆಯುವ ಊರಿನವರು ಪೊಟ್ಟಣದ ಒರೆಗಾನೊ ಯಾಕೆ ಉದುರಿಸುತ್ತಾರೋ ನನಗೆ ತಿಳಿಯದು.

ಬೇಕರಿ ಹಿಂಬಾಗಿಲು, ಕುಮಟಾ

ಈರುಳ್ಳಿ ತಿನ್ನುವವರು ನಮ್ಮ ಕುಮಟಾದ ಸಿಹಿ ಈರುಳ್ಳಿ ಬಿಡಬೇಡಿ. ಬೇಸಿಗೆಯಲ್ಲಿ ಅಳ್ವೆಕೋಡಿ, ಹಂದಿಗೋಣದ ಹತ್ತಿರ ಹೆದ್ದಾರಿ ಬದಿಯಲ್ಲಿ ಗೊಂಚಲು ಕಟ್ಟಿ ತೂಗುಹಾಕಿರುತ್ತಾರಲ್ಲ, ಅದೇ. ಉದ್ದಕ್ಕೆ ಸೀಳಿ ಸಣ್ಣ ಉರಿಯಲ್ಲಿ ಬೆಣ್ಣೆಯೊಂದಿಗೆ ಕಾಲು ಗಂಟೆ ಬಾಡಿಸಿದರೆ ಸಕ್ಕರೆಯ ಅಗತ್ಯವೇ ಬೀಳುವುದಿಲ್ಲ. ಹಸಿಯಾಗಿ ಹಾಕಿದರೆ ಅದರ ನೀರೂ ಸೇರುತ್ತದೆ.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹಳದಿ ಎಳೆಗುಂಬಳದಿಂದ ಇದೇ ಬಗೆಯದನ್ನು ಮಾಡುತ್ತಾರೆ. ಅಲ್ಲಿ ಮೊಟ್ಟೆ ಒಡೆದು ಹಾಕಿ ಬಿಗಿ ತರಿಸಿ, ಉಪ್ಪಿನ ಬಿಸ್ಕತ್ತನ್ನು ಪುಡಿ ಮಾಡಿ ಮೇಲೆ ಹರಡುತ್ತಾರೆ. ನೀವು ಕಾರವಾರದವರು, ಮಿಕ್ಕ ಪಾವ್ ಒಣಗಿಸಿ ಪುಡಿ ಮಾಡಿ. ಜೊತೆಗೆ ಒಂದು ಹಿಡಿ ಗೇರುಬೀಜದ ಚೂರು ಸೇರಿದರೆ ಬಿಸ್ಕತ್ತು ಯಾರಿಗೆ ಬೇಕು.

ಕಾಳಿತೀರ, ಕಾರವಾರ

ಭಾನುವಾರ ಅರ್ಧ ಜುಕಿನಿ, ಅರ್ಧ ಎಳೆ ಚೀನಿಕಾಯಿ ಹಾಕಿ ಒಂದೇ ಪಾತ್ರೆಯಲ್ಲಿ ಎರಡು ಭಾಗ ಮಾಡಿ ಬೇಯಿಸಿದೆ. ಉಪ್ಪು ಸವರಿ ಬಿಟ್ಟಾಗ ಇಳಿದ ನೀರು ಮುಕ್ಕಾಲು ಲೋಟ, ಹುರಿಯುವಾಗ ಹೋದದ್ದು ಬೇರೆ. ಚೀನಿಕಾಯಿಯ ಕಡೆ ಕತ್ತರಿಸಿ ಎತ್ತಿದರೆ ಪದರ ಪದರವಾಗಿಯೇ ಬಂತು, ತಳ ಒಣಗಿತ್ತು. ಜುಕಿನಿಯ ಕಡೆ ಸ್ವಲ್ಪ ಪಸೆ ಇತ್ತು, ಆದರೆ ಸಾರಲ್ಲ. ಮನೆಯವರಿಗೆ ಅದೇ ಬೇಸರ.

ಉಪ್ಪು ಒಂದು ಕಲ್ಲು ಹೆಚ್ಚಾಯಿತು. ಮಕ್ಕಳು ಬಂದಾಗ ಹತ್ತು ಜನರಾಗುತ್ತೇವೆ. ಎಲ್ಲವನ್ನೂ ದುಪ್ಪಟ್ಟು ಮಾಡಿ ದೊಡ್ಡ ಪಾತ್ರೆಗೆ ಹಾಕಿದರೆ ಆಯಿತೇ? ಮಿಕ್ಕಿದರೆ ಮರುದಿನ ಬಿಸಿ ಮಾಡಬಹುದೇ?

ಬೇಕರಿ ಹಿಂಬಾಗಿಲು, ಕುಮಟಾ

ಉಪ್ಪು ಹೆಚ್ಚಾಗುವುದಕ್ಕೆ ಕಾರಣ ಚೀಸ್. ಸಂಸ್ಕರಿಸಿದ್ದರಲ್ಲಂತೂ ಧಾರಾಳವಾಗಿರುತ್ತದೆ. ಸಾಸಿಗೆ ಉಪ್ಪು ಹಾಕಲೇಬೇಡಿ, ಒತ್ತುವ ಮೊದಲು ಬಿಲ್ಲೆಗಳನ್ನು ಒಂದು ಸಲ ತಣ್ಣೀರಿನಲ್ಲಿ ಜಾಲಾಡಿ.

ದುಪ್ಪಟ್ಟು ಮಾಡಿ, ಆದರೆ ಒಂದೇ ಪಾತ್ರೆಯಲ್ಲಿ ಆಳವಾಗಿ ತುಂಬಬೇಡಿ. ನಾಲ್ಕು ಸೆಂಟಿಮೀಟರ್ ಮೀರಿದರೆ ನಡುವಿನ ಆವಿ ಹೊರಗೆ ಹೋಗಲು ದಾರಿಯಿಲ್ಲ, ಮತ್ತೆ ನೀರು. ಅಗಲದ ಎರಡು ತಟ್ಟೆಯಲ್ಲಿ ಹರಡಿ, ಒಂದರ ನಂತರ ಒಂದು ಬೇಯಿಸಿ. ಎರಡನ್ನೂ ಒಟ್ಟಿಗೆ ಇಡಲೇಬೇಕಾದರೆ ಅರ್ಧ ಹೊತ್ತಿಗೆ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಬದಲಿಸಿ.

ಮಿಕ್ಕಿದ್ದನ್ನು ಆರಿದ ಕೂಡಲೇ ಫ್ರಿಜ್‌ನಲ್ಲಿಡಿ, ಕಾರವಾರದ ಮೇ ತಿಂಗಳ ಸೆಖೆಗೆ ಹಾಲಿನ ಪದಾರ್ಥ ಹೊರಗೆ ನಿಲ್ಲುವುದಿಲ್ಲ. ಮರುದಿನ ಮೈಕ್ರೋವೇವ್‌ನಲ್ಲಿ ಇಟ್ಟರೆ ಚೀಸ್ ಎಣ್ಣೆ ಬಿಡುತ್ತದೆ. ಕಾವಲಿಯ ಮೇಲೆ ಒಂದೊಂದೇ ತುಂಡನ್ನು ಇಟ್ಟು, ಮುಚ್ಚದೆ, ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಅಡಿಯಲ್ಲಿ ಗರಿಗರಿಯಾಗುತ್ತದೆ. ನಮ್ಮಲ್ಲಿ ಅದನ್ನು ಪಾವ್‌ನೊಳಗೆ ಇಟ್ಟು ಚಹಾದ ಹೊತ್ತಿಗೆ ತಿನ್ನುತ್ತೇವೆ.